ಕೆಂಡದ ಮುಚ್ಚಳ

ಅತ್ತೆಯನ್ನು ಲಕ್ಕೂರಿಗೆ ಕರೆದೊಯ್ದ ಎತ್ತಿನ ಗಾಡಿಯ ಸದ್ದು ಬೀದಿಯ ತಿರುವಿನಲ್ಲಿ ಪೂರ್ತಿ ಅಡಗಿದ ಮೇಲೂ ಭಾರತಮ್ಮ ಹೊಸ್ತಿಲ ಬಳಿಯೇ ನಿಂತಿದ್ದಳು. ಒಳಗೆ ಕಾಲಿಟ್ಟರೆ ಮನೆಯಲ್ಲಿ ಇಬ್ಬರೇ ಇರುವುದು ಶುರುವಾಗಿಬಿಡುತ್ತದೆ. ಹೊಸ್ತಿಲ ಮೇಲೆ ನಿಂತಿರುವವರೆಗೆ ಶುರುವಾಗಿಲ್ಲ. ಹನ್ನೊಂದು ದಿನ ಈ ಮನೆಯಲ್ಲಿ ಮೂವರಿದ್ದರು. ಆಡಬೇಕಾದ ಮಾತನ್ನೆಲ್ಲ ದೊಡ್ಡಗಂಗಮ್ಮನೇ ಆಡಿ ಮುಗಿಸುತ್ತಿದ್ದಳು, ಮಗನ ಪರವಾಗಿ ಸೊಸೆಯನ್ನು ಕೇಳಿ, ಸೊಸೆಯ ಪರವಾಗಿ ಮಗನನ್ನು ಕೇಳಿ, ಎರಡೂ ಕಡೆಯ ಉತ್ತರವನ್ನು ತಾನೇ ಹೇಳಿಕೊಂಡು. ಇವತ್ತು ಗಾಡಿ ಹತ್ತುವ ಮುಂಚೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ, ತಗ್ಗಿದ ದನಿಯಲ್ಲಿ, ಬೈಗುಳವೂ ಅಲ್ಲದ ಕರುಣೆಯೂ ಅಲ್ಲದ ಧಾಟಿಯಲ್ಲಿ ಹೇಳಿದ್ದಳು: "ನನ್ನ ಮಗನ್ನ ನಾನು ಮುಟ್ಟಿದೀನಿ, ಅವನ ತಟ್ಟೇಲಿ ಉಂಡಿದೀನಿ. ಸತ್ತಿಲ್ಲ ನೋಡು. ನೀನು ಓದಿದೋಳು ಕಣಮ್ಮ, ನಿಂಗೆ ಭಯ ಜಾಸ್ತಿ." ಭಾರತಮ್ಮ ಬುತ್ತಿಯ ಗಂಟನ್ನು ಗಾಡಿಯೊಳಕ್ಕೆ ಕೊಟ್ಟು, ಗಂಟು ಸಡಿಲವಾಗಿದೆಯೇನೋ ಎಂದು ಇನ್ನೊಂದು ಸಲ ಬಿಗಿದಿದ್ದಳು. ಎದುರು ಮನೆಯ ಜಗಲಿಯಲ್ಲಿ ಯಾರೋ ಹಲ್ಲುಜ್ಜುತ್ತ ಇತ್ತಲೇ ನೋಡುತ್ತಿದ್ದಾರೆ ಅನ್ನಿಸಿ ಅವಳು ಒಳಗೆ ಬಂದಳು.

ಬೀದಿಯ ಕಡೆಯ ಕೋಣೆಯಲ್ಲಿ ಗಂಡ ಕೋದಂಡರಾಮಪ್ಪ ಎದ್ದಿದ್ದ. ಎರಡು ಕಿಟಕಿಗಳನ್ನೂ ತೆರೆದಿಟ್ಟುಕೊಂಡು ಮಂಚದ ಮೇಲೆ ನೆಟ್ಟಗೆ ಕುಳಿತು, ಗುಡ್ಡದ ಮೇಲಿನ ಆಸ್ಪತ್ರೆಯಲ್ಲಿ ಕಲಿತಂತೆ, ಉಸಿರನ್ನು ಎಣಿಸಿ ಒಳಗೆ ಎಳೆದುಕೊಂಡು ಎಣಿಸಿ ಬಿಡುತ್ತಿದ್ದ. ಹದಿನಾಲ್ಕು ತಿಂಗಳು ಅಲ್ಲಿದ್ದು ಬಂದಿದ್ದ. ಗಡಿಯಾಚೆ, ಮೈಸೂರು ಸೀಮೆ ಮುಗಿದ ಮೇಲೆ, ಬೋಳು ಬಂಡೆಗಳ ನಡುವೆ ಉದ್ದುದ್ದ ಹಜಾರಗಳಿದ್ದ ಆ ಕ್ಷಯದ ಆಸ್ಪತ್ರೆಯಿಂದ ಬಂದ ಕಾಗದ ಗೋಡೆಯ ಗೂಡಿನಲ್ಲಿತ್ತು. ಅದನ್ನು ಅವಳು ಎಷ್ಟು ಸಲ ಓದಿದ್ದಳೆಂದರೆ ಇಂಗ್ಲಿಷಿನಲ್ಲೇ ಬಾಯಿಪಾಠವಾಗಿತ್ತು. ಆರು ಸಲ ಕಫ ಪರೀಕ್ಷಿಸಲಾಗಿದೆ, ಆರು ಸಲವೂ ಏನೂ ಕಂಡಿಲ್ಲ, ಇವರಿಂದ ಮನೆಯವರಿಗೆ ಅಪಾಯವಿಲ್ಲ, ಒಳ್ಳೆಯ ಆಹಾರ, ಗಾಳಿ, ವಿಶ್ರಾಂತಿ. ಮನೆಯವರಿಗೆ ಅಪಾಯವಿಲ್ಲ. ಹಾಗೆ ಸ್ಪಷ್ಟವಾಗಿ ಬರೆದಿದ್ದರು. ಅವಳು ಪದಗಳನ್ನು ನಂಬುವವಳು. ಮಾಲೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಹುಡುಗಿಯರಿಗೆ, ಬರೆಯುವ ಮುಂಚೆ ಯೋಚಿಸಿ, ಬರೆದ ಮೇಲೆ ಅದಕ್ಕೆ ಬದ್ಧರಾಗಿರಿ ಎಂದು ಹೇಳುವವಳು. ಆದರೂ ಹನ್ನೊಂದು ದಿನದಿಂದ ಅವನ ತಟ್ಟೆ ಲೋಟಗಳನ್ನು ಬೇರೆಯಾಗಿಟ್ಟು, ಹಿತ್ತಲ ಬಾಗಿಲ ಬಳಿಯ ಒಲೆಯ ಮೇಲಿನ ಹಂಡೆಯಲ್ಲಿ, ಬಟ್ಟೆ ಒಗೆಯುವ ಚಾಕಲಿ ಸೋಡಾ ಹಾಕಿ ಕುದಿಸಿದ ನೀರಿನಲ್ಲಿ ಮುಳುಗಿಸುತ್ತಿದ್ದಳು. ಪ್ರತಿ ಊಟವಾದ ಮೇಲೂ ಆ ಹಂಡೆಯ ಮುಚ್ಚಳ ತೆಗೆಯುವ ಸದ್ದು, ಮುಚ್ಚುವ ಸದ್ದು. ಬೀದಿ ಕೋಣೆಯವರೆಗೂ ಕೇಳಿಸುತ್ತದೆಂದು ಅವಳಿಗೆ ಗೊತ್ತಿತ್ತು. ಅವನು ಮೂರನೆಯ ದಿನ ತಾನೇ ಒಂದು ಕೆಂಪು ದಾರವನ್ನು ತನ್ನ ಲೋಟದ ಕೊರಳಿಗೆ ಕಟ್ಟಿಕೊಂಡಿದ್ದ, ಅವಳಿಗೆ ಗುರುತು ಸುಲಭವಾಗಲೆಂದು.

ಶಾಲೆಯಲ್ಲೂ ಅವಳಿಗೊಂದು ಬೇರೆ ಲೋಟವಿತ್ತು. ಅವನು ಆಸ್ಪತ್ರೆ ಸೇರಿದ ವಾರವೇ ದೊಡ್ಡ ಮೇಡಂ ಕೋಣೆಗೆ ಕರೆದು, ನೀವು ತಪ್ಪು ತಿಳಿಯಬಾರದು, ಮಕ್ಕಳ ಮನೆಯವರು ಕೇಳುತ್ತಾರೆ ನೋಡಿ ಎಂದು ಶುರುಮಾಡಿದ ಕೂಡಲೇ ಭಾರತಮ್ಮ, ನಾನೇ ಹೇಳಬೇಕೆಂದಿದ್ದೆ, ಮನೆಯಿಂದ ನನ್ನದೇ ಲೋಟ ತರುತ್ತೇನೆ ಎಂದು ಅವರ ಮಾತನ್ನು ಅವರಿಗಿಂತ ಮುಂಚೆ ಮುಗಿಸಿಕೊಟ್ಟಿದ್ದಳು. ಮೇಡಂಗೆ ಎಷ್ಟು ಹಗುರವಾಯಿತೆಂದರೆ ಅವಳ ಕೈ ಹಿಡಿಯಹೋಗಿ, ಹಿಡಿಯದೆ, ಮೇಜಿನ ಮೇಲಿದ್ದ ಶಾಯಿ ಬಾಟಲಿಯನ್ನು ಸರಿಸಿದ್ದರು. ಆ ಸರಿಸಿದ ಕೈಯನ್ನು ಭಾರತಮ್ಮ ಮರೆತಿರಲಿಲ್ಲ. ಮರೆಯದೆ ಮನೆಗೆ ತಂದು ಇಟ್ಟುಕೊಂಡು, ಈಗ ಅದೇ ಕೈಯಿಂದ ಗಂಡನಿಗೆ ಬಡಿಸುತ್ತಿದ್ದಳು.

ಅಡುಗೆಮನೆಯ ಹಲಗೆಯ ಮೇಲೆ, ಮೆಣಸಿನಪುಡಿಯ ಜಾಡಿಯ ಹಿಂದೆ, ಓಟ್ಸ್ ಡಬ್ಬ ಇತ್ತು. ಅವನು ಬರುವ ದಿನ ತಿಳಿದ ಮೇಲೆ, ಬೆಂಗಳೂರಿಗೆ ಹೋಗುತ್ತಿದ್ದ ಸಹೋದ್ಯೋಗಿಯೊಬ್ಬಳ ಕೈಲಿ ಹೇಳಿ ದಂಡಿನ ಪೇಟೆಯಿಂದ ತರಿಸಿದ್ದಳು. ಅತ್ತೆ ಅದನ್ನು ನೋಡಿದ ದಿನ ಮುಚ್ಚಳ ತೆಗೆದು ಮೂಸಿ, ಒಂದು ಚಿಟಿಕೆ ಅಂಗೈಗೆ ಹಾಕಿಕೊಂಡು ಊದಿ, ಇದೇನಮ್ಮ ತೌಡು ಇದ್ದಂಗದೆ ಎಂದಿದ್ದಳು. ದೊರೆಗಳ ಸೀಮೆಯಲ್ಲಿ ಇದನ್ನು ಕುದುರೆಗೂ ಹಾಕುತ್ತಾರೆ, ಮನುಷ್ಯರೂ ತಿನ್ನುತ್ತಾರೆ, ಮೈಗೆ ಒಳ್ಳೆಯದು ಎಂದು ಭಾರತಮ್ಮ ಅಂದದ್ದೇ ತಪ್ಪಾಯಿತು. "ನಮ್ಮ ಜಟಕಾ ಸಾಬಿ ಕುದುರೆಗೆ ಹುರುಳಿ, ನನ್ನ ಮಗನಿಗೆ ದೊರೆ ಕುದುರೆ ದಾಣ. ಪರವಾಗಿಲ್ಲ, ನಾಯನಾ, ಓಡೋಕೆ ಬರತ್ತೆ ನಿಂಗೆ," ಎಂದು ಅತ್ತೆ ಬೀದಿ ಕೋಣೆಗೆ ಕೇಳಿಸುವಂತೆ ಕೂಗಿ ಹೇಳಿದಾಗ, ಕೋದಂಡರಾಮಪ್ಪ ಬಂದ ಮೇಲೆ ಮೊದಲ ಸಲ ನಕ್ಕಿದ್ದ. ಡಬ್ಬ ಹಲಗೆಯ ಮೇಲೆಯೇ ಉಳಿಯಿತು. ದಿನವೂ ರಾಗಿಮುದ್ದೆ, ಹಾಲು, ಮೊಟ್ಟೆ. ಅತ್ತೆ ಮುದ್ದೆ ಮುರಿದು ಮಗನ ತಟ್ಟೆಗಿಟ್ಟು, ಅವನು ಬಿಟ್ಟದ್ದನ್ನು ತಾನೇ ತಿಂದು, ತಿನ್ನುವಾಗ ಸೊಸೆಯ ಕಡೆ ನೋಡುತ್ತಿದ್ದಳು.

ಡಬ್ಬದ ಒಳಗೆ, ಕಾಳಿನ ಮೇಲೆ, ನಾಲ್ಕಾಗಿ ಮಡಿಸಿದ ಅವನ ಹಳೆಯ ಕಾಗದವನ್ನು ಅವಳು ಇಟ್ಟಿದ್ದಳು. ಎಂಟನೆಯ ತಿಂಗಳಿನಲ್ಲಿ ಬರೆದದ್ದು. ಅಲ್ಲಿಯವರೆಗೆ ಅವನ ಕಾಗದಗಳೆಲ್ಲ ಜ್ವರದ ಅಂಕಿ, ತೂಕದ ಅಂಕಿ. ಅದೊಂದರಲ್ಲಿ ಮಾತ್ರ, ಇಲ್ಲಿ ಬೆಳಿಗ್ಗೆ ಒಂದು ತಿಂಡಿ ಕೊಡುತ್ತಾರೆ, ಬಾಯಿಗೆ ರುಚಿ ಎನ್ನುವುದು ಇನ್ನೂ ಇದೆ ಎಂದು ಗೊತ್ತಾದದ್ದು ಅದರಿಂದ, ಮಾಡುವ ಕ್ರಮ ಅಡುಗೆಯವರನ್ನು ಕೇಳಿ ಬರೆದಿದ್ದೇನೆ ಎಂದು ಮೇಷ್ಟರ ದುಂಡು ಅಕ್ಷರದಲ್ಲಿ ಬರೆದಿದ್ದ. ಎರಡು ಬಟ್ಟಲು ಓಟ್ಸು, ಮೂರು ಬಟ್ಟಲು ಹಾಲು, ಒಂದು ಮೊಟ್ಟೆ, ಬೆಲ್ಲ ಸ್ವಲ್ಪವೇ ಸಾಕು, ಹಣ್ಣೇ ಸಿಹಿ, ಬೆಣ್ಣೆ ಸವರಿದ ಪಾತ್ರೆ, ಮೇಲೂ ಕೆಳಗೂ ಸಮನಾದ ಶಾಖ. ಅಲ್ಲಿ ಸೇಬು ಹಾಕುತ್ತಾರೆ, ನಮ್ಮ ಕಡೆ ಮಾವೋ ಬಾಳೆಯೋ ಆದೀತು. ಕೊನೆಯ ಸಾಲು: ಬೇಯುವಾಗ ಆಗಾಗ ತೆರೆದು ನೋಡಬಾರದು, ನೋಡಿದರೆ ನಡುವೆ ಕುಸಿದು ಹಸಿಯಾಗಿಬಿಡುತ್ತದೆಯಂತೆ. ಆ ಸಾಲನ್ನು ಓದಿದಾಗ ಅವಳಿಗೆ ಇದು ತಿಂಡಿಯ ಬಗ್ಗೆಯೇ ಬರೆದದ್ದೇ ಎಂಬ ಅನುಮಾನ ಬಂದು, ಅನುಮಾನ ಬಂದದ್ದಕ್ಕೆ ನಾಚಿಕೆಯಾಗಿ, ಉತ್ತರದಲ್ಲಿ ಮಳೆ ಬೆಳೆಯ ಸಮಾಚಾರ ಬರೆದಿದ್ದಳು.

ಇವತ್ತು ಮಾಡಬೇಕೆಂದು ನಿನ್ನೆ ಸಂಜೆಯೇ ತೀರ್ಮಾನವಾಗಿತ್ತು. ನಿನ್ನೆ ಅವನು ಹಿತ್ತಲಿಗೆ ಹೋಗಿದ್ದಾಗ ಕೋಣೆ ಗುಡಿಸಲು ಹೋದವಳು ದಿಂಬಿನ ಕೆಳಗೆ ಇಣುಕಿದ್ದ ಕಾರ್ಡನ್ನು ಓದಿದ್ದಳು. ಎಳೆದು ಓದಲಿಲ್ಲ, ಕಾಣುತ್ತಿದ್ದಷ್ಟನ್ನೇ ಓದಿದೆ ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ಕಾರ್ಡಿನ ಎರಡು ಬದಿಯೂ ಅವಳಿಗೆ ಗೊತ್ತಿತ್ತು. ಓದು ಬಾರದ ರೋಗಿಗಳಿಗೆ ಪಾಠ ಹೇಳಲು, ಅವರ ಕಾಗದ ಬರೆದುಕೊಡಲು ಆಸ್ಪತ್ರೆಯಲ್ಲಿ ಒಬ್ಬ ಮೇಷ್ಟರು ಬೇಕು, ಗುಣವಾದವರೇ ಆದರೆ ಒಳ್ಳೆಯದು, ಒಂಟಿಯಾಗಿ ಇರುವವರಿಗೆ ಒಂದು ಕೋಣೆ ಕೊಡುತ್ತೇವೆ, ಸೋಮವಾರದೊಳಗೆ ಒಪ್ಪಿಗೆ ತಿಳಿಸಿ. ಜೊತೆಗೆ ಅಂಟಿಸಿದ್ದ ಉತ್ತರದ ಕಾರ್ಡು ಖಾಲಿಯಾಗಿತ್ತು. ಅದು ಬಂದು ನಾಲ್ಕು ದಿನವಾಗಿತ್ತು. ಇವತ್ತು, ಭಾನುವಾರ, ಹನ್ನೊಂದು ಗಂಟೆಯ ರೈಲುಗಾಡಿಗೆ ಸ್ಟೇಷನ್ನಿನ ಡಬ್ಬದಲ್ಲಿ ಹಾಕಿದರೆ ಮಾತ್ರ ಹೊತ್ತಿಗೆ ತಲುಪುತ್ತದೆ. ನಾಲ್ಕು ದಿನ ಅವನು ಬರೆಯದೆ ಕಾದಿದ್ದಾನೆ. ಏನಕ್ಕೆ ಕಾಯುತ್ತಿದ್ದಾನೆಂದು ತಿಳಿಯದಷ್ಟು ಮೂಢಳಲ್ಲ ಅವಳು.

ಇಜ್ಜಲೊಲೆಗೆ ಕೆಂಡ ಹಾಕಿ ಊದಿದಳು. ಹಾಲಿನ ಮುನಿಯಲ್ಲಮ್ಮ ಹಿತ್ತಲ ಬಾಗಿಲಿಗೆ ಬಂದು, ಎಂದಿನಂತೆ ಚೊಂಬನ್ನು ಅವಳ ಕೈಗೆ ಕೊಡದೆ ಮೆಟ್ಟಿಲ ಮೇಲಿಟ್ಟ ಪಾತ್ರೆಗೆ ಎತ್ತರದಿಂದ ಹಾಲು ಸುರಿದು, ಮೇಷ್ಟ್ರು ಹೆಂಗವ್ರೆ ಎಂದು ಕೇಳಿ, ಉತ್ತರಕ್ಕೆ ಮುಂಚೆಯೇ ಹೊರಟುಹೋದಳು. ಶ್ರೀನಿವಾಸಪುರದ ತವರಿನಿಂದ ಬಂದಿದ್ದ ರಸಪುರಿ ಹಣ್ಣುಗಳು ಹುಲ್ಲಿನಲ್ಲಿ ಹಣ್ಣಾಗಿ ಅಡುಗೆಮನೆಯೆಲ್ಲ ಅದೇ ವಾಸನೆ. ಎರಡು ಹಣ್ಣು ಹೆಚ್ಚಿ, ಒಂದು ಬಾಳೆಹಣ್ಣು ಕಿವುಚಿ, ಮೊಟ್ಟೆ ಒಡೆದು, ಹಾಲು, ಚೂರು ಬೆಲ್ಲ ಬೆರೆಸಿ, ಓಟ್ಸು ಸುರಿದು ಕಲೆಸುತ್ತಿದ್ದಂತೆ ಅದು ಗಂಜಿಯೂ ಅಲ್ಲದೆ ಹಿಟ್ಟೂ ಅಲ್ಲದೆ ಬೋಗುಣಿಯಲ್ಲಿ ನಿಂತಿತು. ಅವಳಿಗೆ ಅಪನಂಬಿಕೆ. ಇಂಥ ಬೆಳ್ಳನೆಯ ಮೆತ್ತನೆಯದು ಒಂದು ರೂಪಕ್ಕೆ ಬರುತ್ತದೆಯೇ. ಮದುವೆಯಾದ ಹೊಸದರಲ್ಲಿ ತಾನು ಮಾಡಿದ ಮೊದಲ ದೋಸೆಯೂ ಹೀಗೇ ಕಾವಲಿಗೆ ಹಿಡಿದುಕೊಂಡಿತ್ತು. ಅಂಚು ಮಾತ್ರ ಗರಿಗರಿಯಾಗಿ ಬಂದಿತ್ತು. ಅವತ್ತು ಅತ್ತೆ ಎದುರಿಗೆ ಕುಳಿತಿದ್ದಳು, ಗಂಡನ ಊಟವಾದ ಮೇಲೆ ಅವನ ತಟ್ಟೆಯಲ್ಲೇ ಹೆಂಡತಿ ಕುಳಿತುಕೊಳ್ಳುವುದನ್ನು ನೋಡಲೆಂದೇ. ಕಾಲೇಜಿನ ಚರ್ಚಾಕೂಟದಲ್ಲಿ ಗಂಡನ ಎಂಜಲು ತಟ್ಟೆಯ ಪದ್ಧತಿಯನ್ನು ಖಂಡಿಸಿ ಮಾತಾಡಿ ಬೆಳ್ಳಿಯ ಲೋಟ ಬಹುಮಾನ ತಂದಿದ್ದ ಹುಡುಗಿ, ಕಣ್ಣು ಕೆಳಗೆ ಹಾಕಿ, ಆ ತಟ್ಟೆಯ ಮುಂದೆ ಕುಳಿತಳು. ತಟ್ಟೆಯ ಒಂದು ಮೂಲೆಯಲ್ಲಿ ದೋಸೆಯ ಗರಿಗರಿ ಅಂಚೆಲ್ಲ ಮುರಿದು ಒಂದರ ಮೇಲೊಂದು ಜೋಡಿಸಿಟ್ಟಿತ್ತು. ಅವನು ಹಸಿ ನಡುಭಾಗವನ್ನು ತಾನು ತಿಂದು ಎದ್ದಿದ್ದ.

ಆಮೇಲೆ ಅದೇ ಅವರ ಮಾತಾಯಿತು. ಮನೆ ತುಂಬ ಜನವಿರುತ್ತಿದ್ದ ಲಕ್ಕೂರಿನಲ್ಲಿ ಹಗಲು ಹೆಂಡತಿಯ ಜೊತೆ ಮಾತಾಡುವ ಗಂಡಸು ನಗೆಗೀಡಾಗುತ್ತಿದ್ದ. ಅವನು ತಟ್ಟೆಯಲ್ಲಿ ಬಿಡುತ್ತಿದ್ದ. ಜಗಳವಾದ ದಿನ ಒಂದು ಉಪ್ಪಿನಕಾಯಿ ಚೂರು. ಅವಳ ತಂದೆ ತೀರಿಕೊಂಡ ವರ್ಷ ಏನೂ ಸೇರದೆ ಇದ್ದಾಗ ಸಿಪ್ಪೆ ಸುಲಿದ ನಾಲ್ಕು ಕಡಲೆಕಾಯಿ ಬೀಜ. ಮಾಲೂರಿಗೆ ಬಂದು ಇಬ್ಬರೇ ಸಂಸಾರ ಹೂಡಿದ ಮೇಲೂ, ನೋಡಲು ಯಾರೂ ಇಲ್ಲದಿದ್ದಾಗಲೂ, ಅವಳು ಅವನ ನಂತರ ಅದೇ ತಟ್ಟೆಗೆ ಕುಳಿತಳು. ಚರ್ಚಾಕೂಟದ ಗೆಳತಿಯರಿಗೆ ಗೊತ್ತಾದರೆ ಏನೆಂದಾರು ಎಂದು ಒಳಗೇ ನಗುತ್ತ. ಅವನು ಕೆಮ್ಮಲು ಶುರುಮಾಡಿ, ಡಾಕ್ಟರು ತಟ್ಟೆ ಲೋಟ ಬೇರೆ ಎಂದು ಚೀಟಿ ಬರೆದ ದಿನ ಅವಳಿಗೆ ಅಳು ಬಂತು. ಅಳುವಿನ ಕೆಳಗೆ, ತೊಳೆದ ಪಾತ್ರೆಯ ತಳದಲ್ಲಿ ನೀರು ನಿಂತಂತೆ, ಸ್ವಲ್ಪ ನೆಮ್ಮದಿ ನಿಂತಿತ್ತು. ಚೀಟಿ ಇದೆ. ಡಾಕ್ಟರೇ ಹೇಳಿದ್ದಾರೆ. ಆ ನೆಮ್ಮದಿಯನ್ನು ಅವಳು ಯಾರಿಗೂ ಹೇಳಿಲ್ಲ.

ಬೋಗುಣಿಯನ್ನು ಕೆಂಡದ ಮೇಲಿಟ್ಟು, ಕಬ್ಬಿಣದ ತಟ್ಟೆ ಮುಚ್ಚಿ, ಆ ತಟ್ಟೆಯ ಮೇಲೂ ಇಕ್ಕಳದಿಂದ ಕೆಂಡ ಹರಡಿದಳು. ಮುಕ್ಕಾಲು ಗಂಟೆ ಎಂದು ಕಾಗದದಲ್ಲಿತ್ತು. ಗಡಿಯಾರ ಬೀದಿ ಕೋಣೆಯಲ್ಲಿ. ನೋಡಲು ಹೋದರೆ ಅವನ ಎದುರು ನಿಲ್ಲಬೇಕು. ಮಂಡಿ ಅಪ್ಪಿಕೊಂಡು ಕುಳಿತಳು. ಏನೂ ಸದ್ದಿಲ್ಲ. ಸದ್ದಿಲ್ಲದಿರುವುದು ಬೇಯುತ್ತಿರುವ ಲಕ್ಷಣವೋ ಆರಿಹೋದ ಲಕ್ಷಣವೋ. ಇಕ್ಕಳ ತೆಗೆದುಕೊಂಡು ತಟ್ಟೆಯನ್ನು ಒಂದಿಷ್ಟು ಎತ್ತಿದಳು. ಬಿಸಿ ಹಬೆ ಮುಖಕ್ಕೆ ಹೊಡೆದು, ಒಂದು ಕೆಂಡದ ಚೂರು ಉರುಳಿ ನೆಲಕ್ಕೆ ಬಿತ್ತು. ಮುಚ್ಚಿದಳು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಎತ್ತಿದಳು. ಅಂಚು ಕಟ್ಟಿತ್ತು, ನಡುವೆ ಉಬ್ಬಿದ್ದದ್ದು ಅವಳ ಕಣ್ಣೆದುರೇ ಉಸಿರು ಬಿಟ್ಟಂತೆ ತಗ್ಗಿತು. ಅವಳು ಯಾವಾಗಲೂ ಹೀಗೇ. ಹದಿನಾಲ್ಕು ತಿಂಗಳಲ್ಲಿ ಆಸ್ಪತ್ರೆಗೆ ಹೋದದ್ದು ಒಂದೇ ಸಲ, ಆವತ್ತೂ ನೋಡಿ ಬರಲೆಂದೇ ಹೋದದ್ದು, ಇದ್ದು ಬರಲೆಂದಲ್ಲ. ಹಜಾರದ ತುದಿಯಲ್ಲಿ, ಅವನ ಮಂಚದಿಂದ ಹತ್ತು ಮಾರು ದೂರ ನಿಂತು, ಮೂಗಿನ ಮೇಲೆ ಸೆರಗು. ಅವನು ಎದ್ದು ಕುಳಿತು, ಹತ್ತಿರ ಬಾ ಎನ್ನಲಿಲ್ಲ. ತಾನೇ ಮಂಚದ ಆಚೆಯ ತುದಿಗೆ ಸರಿದು, ಪ್ರಯಾಣ ಹೇಗಾಯಿತು, ಗಾಡಿಯಲ್ಲಿ ಕೂರಲು ಜಾಗ ಸಿಕ್ಕಿತೇ ಎಂದು ಕೇಳಿದ. ಟೇಕಲ್‌ವರೆಗೂ ನಿಂತಿದ್ದೆ, ಆಮೇಲೆ ಸಿಕ್ಕಿತು ಎಂದು ಅವಳು ಸೆರಗಿನೊಳಗಿಂದ ಹೇಳಿದಳು. ಪಕ್ಕದ ಮಂಚದವನು ಇಬ್ಬರನ್ನೂ ನೋಡಿ ಗೋಡೆಯ ಕಡೆ ಹೊರಳಿಕೊಂಡ. ಅಪರಿಚಿತನೊಬ್ಬ ತೋರಿದ ಆ ಮರ್ಯಾದೆಯನ್ನು ನೆನೆದು ವಾಪಸು ಬರುವ ದಾರಿಯುದ್ದಕ್ಕೂ ಅವಳಿಗೆ ಮೈ ಬೆವರಿತ್ತು. ಮುಂದಿನ ತಿಂಗಳು ಹೋಗಲಿಲ್ಲ, ಶಾಲೆಯಲ್ಲಿ ಪರೀಕ್ಷೆಯಿತ್ತು. ಅದರ ಮುಂದಿನ ತಿಂಗಳೂ ಏನೋ ಇತ್ತು. ಅವಳು ಮೂರನೆಯ ಸಲ ತಟ್ಟೆ ಎತ್ತಿದಳು.

ಅಂತೂ ಇಳಿಸಿ, ಚಾಕು, ಮರದ ಸೌಟು, ಅವನ ನೀಲಿ ಅಂಚಿನ ಪಿಂಗಾಣಿ ತಟ್ಟೆ, ಎಲ್ಲವನ್ನೂ ಒಯ್ದು ಅವನ ಮುಂದಿಟ್ಟಾಗ ನಡುವೆ ಕುಸಿದ ಆ ತಿಂಡಿ ಚಂದವಾಗಿರಲಿಲ್ಲ. ಕೋದಂಡರಾಮಪ್ಪ ಅದನ್ನೇ ಬಹಳ ಹೊತ್ತು ನೋಡಿದ. ಅವನ ಮುಖ ತುಂಬಿಕೊಂಡಿತ್ತು, ಕಿವಿಗಳು ಮಾತ್ರ ಇನ್ನೂ ಕಾಯಿಲೆಯವನ ಕಿವಿಗಳಂತೆ ತೆಳ್ಳಗೆ ಬೆಳ್ಳಗೆ. "ಕಾಗದ ಇಟ್ಕೊಂಡಿದ್ಯಾ," ಎಂದ. ಅವಳು ಹೂಂ ಎಂದಳು.

"ಎಷ್ಟು ಸಲ ತೆಗೆದು ನೋಡ್ದೆ?"

"ಎರಡು ಸಲ."

"ಮೂರು," ಎಂದ. ಆಕ್ಷೇಪಣೆಯಿರಲಿಲ್ಲ ದನಿಯಲ್ಲಿ. "ಇಲ್ಲಿಗೆ ಎಲ್ಲಾ ಕೇಳಿಸ್ತದೆ."

ಇಲ್ಲಿಗೆ ಎಲ್ಲಾ ಕೇಳಿಸುತ್ತದೆ. ಹಂಡೆಯ ಮುಚ್ಚಳವೂ. ಅವಳು ಬಡಿಸಲು ಸೌಟು ಎತ್ತಿಕೊಂಡಳು. ಅವನು ಕೈ ಅಡ್ಡ ಹಿಡಿದು, ಚಾಕನ್ನು ತಾನೇ ತೆಗೆದುಕೊಂಡ. "ಅಲ್ಲಿ ಹೀಗೇ ಭಾರತಿ. ಮೊದಲು ಕುಯ್ಯೋದು, ಆಮೇಲೆ ಮುಟ್ಟೋದು. ನಿನ್ನ ಪಾಲು ಮೊದಲು ತೆಗೆದುಬಿಡ್ತೀನಿ." ಅಡುಗೆಮನೆಯಿಂದ ಅವಳ ಕಂಚಿನ ತಟ್ಟೆಯನ್ನು ತರಿಸಿಕೊಂಡು, ಬೋಗುಣಿಯಲ್ಲಿ ಚಾಕು ಆಡಿಸಿ, ಸೌಟಿನಿಂದ ತುಂಡುಗಳನ್ನು ಎತ್ತಿ ಎತ್ತಿ ಅವಳ ತಟ್ಟೆಗೆ ಇಟ್ಟ. ಅವಳು ಅವನ ಬೆರಳುಗಳನ್ನೇ ನೋಡುತ್ತಿದ್ದಳು. ಬೆರಳು ತಿಂಡಿಗೆ ತಾಕುತ್ತದೆಯೇ, ಸೌಟಿನ ಹಿಡಿಯ ಎಲ್ಲಿಯವರೆಗೆ ಅವನ ಕೈ ಇದೆ. ಒಂದು ಸಲವೂ ತಾಕಲಿಲ್ಲ. ಅವನು ಅವಳಿಗಿಂತ ಹೆಚ್ಚು ಎಚ್ಚರವಾಗಿದ್ದ, ಆ ಎಚ್ಚರವನ್ನು ವರ್ಷವಿಡೀ ಅಭ್ಯಾಸ ಮಾಡಿದವನ ನೇರ್ಪಿನಿಂದ. ಉಳಿದದ್ದನ್ನು ತನ್ನ ತಟ್ಟೆಗೆ ಹಾಕಿಕೊಂಡು, ತಂದಿದ್ದ ಚಮಚದಿಂದ ತಿನ್ನಲು ಶುರುಮಾಡಿದ. ಅವಳು ತನ್ನ ತಟ್ಟೆಯನ್ನು ಒಳಗೆ ಮುಚ್ಚಿಟ್ಟು ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಗಂಡನ ಊಟವಾಗುವವರೆಗೆ ನಿಂತಿರುವುದೊಂದು ರೂಢಿ ಉಳಿದಿತ್ತು. ಚೆನ್ನಾಗಿದೆ, ಮಾವು ಹಾಕಿದ್ದು ಅಲ್ಲಿಯದಕ್ಕಿಂತ ಚೆನ್ನಾಗಿದೆ ಎಂದ. ಸಕ್ಕರೆಯಿಲ್ಲದೆಯೂ ಸಿಹಿಯಿದೆ ಎಂದ. ಅತ್ತಮ್ಮ ಇದ್ದಿದ್ದರೆ ಕುದುರೆಗೆ ಬಡಿಸಿದ ಹಾಗೇ ಎನ್ನುತ್ತಿದ್ದರು ಎಂದು ಅವಳು ಅಂದಳು. ಅವನು ನಗಲು ಪ್ರಯತ್ನಿಸಿದ.

ತಟ್ಟೆ ಖಾಲಿಯಾಗುತ್ತ ಬಂದಂತೆ ಅವಳು ಅದನ್ನೇ ನೋಡತೊಡಗಿದಳು. ಏನಾದರೂ ಬಿಡುತ್ತಾನೆ. ಒಂದು ಚೂರು ಹಣ್ಣು, ಒಂದು ತುತ್ತು. ಬಿಟ್ಟರೆ ನಾನು ಏನು ಮಾಡಬೇಕು. ಬಿಟ್ಟದ್ದನ್ನು ಹಂಡೆಗೆ ಹಾಕಿದರೆ ಅದೇ ಉತ್ತರ. ತಿಂದರೆ ಅದೂ ಉತ್ತರ. ಆಸ್ಪತ್ರೆಯ ಕಾಗದದ ಸಾಲು ತಲೆಯಲ್ಲಿ ಓಡುತ್ತಿತ್ತು, ಮನೆಯವರಿಗೆ ಅಪಾಯವಿಲ್ಲ, ಮನೆಯವರಿಗೆ ಅಪಾಯವಿಲ್ಲ, ಶಾಲೆಯ ಮಗ್ಗಿಯ ಹಾಗೆ. ಕೋದಂಡರಾಮಪ್ಪ ಚಮಚವನ್ನು ತಟ್ಟೆಯ ಸುತ್ತ ಆಡಿಸಿ, ಅಂಟಿದ್ದನ್ನೂ ಕೆರೆದು ಬಾಯಿಗೆ ಹಾಕಿಕೊಂಡ. ತಟ್ಟೆ ತೊಳೆದಿಟ್ಟಂತೆ ಬೆಳ್ಳಗಾಯಿತು. ಮದುವೆಯಾಗಿ ಆರು ವರ್ಷದಲ್ಲಿ ಅವನು ಏನೂ ಬಿಡದೆ ಎದ್ದದ್ದು ಇವತ್ತೇ ಮೊದಲು. ಕೇಳದೆಯೇ ಅವಳನ್ನು ಪರೀಕ್ಷೆಯಿಂದ ಬಿಡಿಸಿದ್ದ. ಶಾಲೆಯಲ್ಲಿ ಓದದೆ ಬಂದ ಹುಡುಗಿಯ ಮುಖ ನೋಡಿ, ಅವಳನ್ನು ಬಿಟ್ಟು ಪಕ್ಕದವಳನ್ನು ಕೇಳುವ ಮೇಷ್ಟರ ಹಾಗೆ.

ಬೋಗುಣಿಯನ್ನೂ ತಟ್ಟೆಯನ್ನೂ ತೆಗೆದುಕೊಂಡು ಒಳಗೆ ಬಂದಳು. ಹಿತ್ತಲ ಬಾಗಿಲ ಬಳಿಗೆ ಕಾಲು ತಾನಾಗಿ ಹೋಯಿತು. ಕೈ ತಾನಾಗಿ ಹಂಡೆಯ ಮುಚ್ಚಳವನ್ನು ಎತ್ತಿತು. ಆ ಸದ್ದು. ಅವಳು ಹಾಗೇ ನಿಂತಳು. ಬೀದಿ ಕೋಣೆಯಲ್ಲಿ ಮೇಜಿನ ಮುಂದೆ ಕುರ್ಚಿ ಎಳೆದದ್ದು ಕೇಳಿತು. ಅಲ್ಲಿಂದ ಇಲ್ಲಿಗೂ ಎಲ್ಲಾ ಕೇಳಿಸುತ್ತದೆ: ದೌತಿಯ ಬಿರಡೆ ತೆಗೆದದ್ದು, ಲೇಖನಿ ಕಾರ್ಡಿನ ಮೇಲೆ ಗೀಚಿದ್ದು.

ಆಮೇಲೆ ಮಾಡಿದ್ದನ್ನು ಅವಳು ಯೋಚಿಸಿ ಮಾಡಲಿಲ್ಲ. ತೊಳೆಯದ ನೀಲಿ ಅಂಚಿನ ತಟ್ಟೆಗೆ ತನ್ನ ಪಾಲನ್ನು ಸುರಿದುಕೊಂಡು, ಅವನ ಚಮಚವನ್ನೇ ಹಿಡಿದುಕೊಂಡು, ಬೀದಿ ಕೋಣೆಗೆ ಹೋಗಿ, ಅವನು ಎದ್ದ ಜಾಗದಲ್ಲೇ ನೆಲದ ಮೇಲೆ ಕುಳಿತಳು. ಅವನು ಲೇಖನಿ ಹಿಡಿದ ಕೈಯನ್ನು ಎತ್ತಿ ನೋಡಿದ. ಅವಳು ಒಂದು ತುತ್ತು ಬಾಯಿಗಿಟ್ಟಳು. ನಾಲಿಗೆಗೆ ಚಮಚದ ತಣ್ಣನೆಯ ಲೋಹ ತಾಕಿತು, ಅಷ್ಟೇ ಗೊತ್ತಾದದ್ದು. ಸಿಹಿಯೋ ಹಸಿಯೋ ತಿಳಿಯಲಿಲ್ಲ. ನುಂಗಿದಳು. ನುಂಗಿದ್ದು ಇಳಿಯುವ ದಾರಿಯನ್ನು ಅವಳು ಒಳಗಿನಿಂದಲೇ ಕಾಯುತ್ತಿದ್ದಳು, ಗಂಟಲು, ಎದೆ, ಅದರ ಪಕ್ಕದ ಪುಪ್ಪುಸ. ಎರಡನೆಯ ತುತ್ತು ಇಟ್ಟುಕೊಂಡು ಅವನ ಕಡೆ ನೋಡಿದಳು, ನೋಡಿ ಎಂಬಂತೆ. ಅವನು ಎದ್ದು ಬಂದು ಅವಳ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಇಷ್ಟು ಹತ್ತಿರ ಅವನು ಬಂದು ಒಂದೂವರೆ ವರ್ಷವಾಗಿತ್ತು.

"ಸಾಕು ಕಣೇ," ಎಂದ. ದನಿ ಮೆತ್ತಗಿತ್ತು. "ಈ ಮುಖಾನ ನಾನು ಬಹಳ ನೋಡಿದೀನಿ. ಔಷಧಿ ನುಂಗೋವಾಗ ಅಲ್ಲಿ ಎಲ್ಲರ ಮುಖಾನೂ ಹಿಂಗೇ ಇರ್ತದೆ."

ಅವಳು ಏನೋ ಹೇಳಬೇಕೆಂದುಕೊಂಡಳು. ಯಾವ ಪದ ಎತ್ತಿಕೊಂಡರೂ ಅದು ಅರ್ಧ ಸುಳ್ಳಾಗಿತ್ತು. ಭಯವಿಲ್ಲ ಎನ್ನುವುದು ಸುಳ್ಳು. ನಿಮಗೋಸ್ಕರ ತಿಂದೆ ಎನ್ನುವುದೂ ಪೂರ್ತಿ ನಿಜವಲ್ಲ, ಅತ್ತೆಯನ್ನು ಗೆಲ್ಲಲು ತಿಂದದ್ದೂ ಅದರಲ್ಲಿತ್ತು. ಕೋದಂಡರಾಮಪ್ಪ ತಟ್ಟೆಯನ್ನು ಅವಳ ಕೈಯಿಂದ ಬಿಡಿಸಿಕೊಂಡ. ಒಳಗೆ ಹೋಗಿ, ಉಳಿದದ್ದನ್ನು ಬೋಗುಣಿಗೆ ಹಾಕಿದ, ತಟ್ಟೆಯನ್ನೂ ಚಮಚವನ್ನೂ ತಾನೇ ಹಂಡೆಯಲ್ಲಿ ಮುಳುಗಿಸಿ ಮುಚ್ಚಳ ಮುಚ್ಚಿದ. ಮಿಕ್ಕಿದ್ದನ್ನು ಮುನಿಯಲ್ಲಮ್ಮನ ಹಸುವಿಗೆ ಹಾಕಿಸು ಎಂದು ಅಲ್ಲಿಂದಲೇ ಹೇಳಿದ. ಕೋಟು ಹಾಕಿಕೊಂಡ, ಕೊಡೆ ತೆಗೆದುಕೊಂಡ, ಸ್ಟೇಷನ್ನಿನವರೆಗೆ ಹೋಗಿ ಬರ್ತೀನಿ ಎಂದ. ಕಾರ್ಡು ಜೇಬಿನಲ್ಲಿತ್ತು. ಅದನ್ನು ಮರೆಮಾಡಲೂ ಇಲ್ಲ, ತೋರಿಸಲೂ ಇಲ್ಲ. ನೀನು ಓದಿದ್ದೀಯೆಂದು ಗೊತ್ತು ಎಂದು ಹೇಳಿದಂತೆ ಅದರ ಮೂಲೆ ಹೊರಗೆ ಕಾಣುತ್ತಿತ್ತು.

ಅವನ ಚಪ್ಪಲಿಯ ಸದ್ದು ಬೀದಿಯ ತಿರುವಿನಲ್ಲಿ ಅಡಗಿದ ಮೇಲೆ ಅವಳು ಎದ್ದು ಅಡುಗೆಮನೆಗೆ ಬಂದಳು. ಬಿಸಿಲು ಬೋಗುಣಿಯ ಮೇಲೆ ಬಿದ್ದಿತ್ತು. ಹಸುವಿಗೆ ಹಾಕಲೆಂದು ಬಗ್ಗಿದವಳು ಹಾಗೇ ನೋಡಿದಳು. ಅವಳ ತಟ್ಟೆಯಿಂದ ಮರಳಿ ಬಂದ ತುಂಡುಗಳೆಲ್ಲ ಕಂದಿ ಕೆಂಪಾದ, ಒಂದು ಬದಿ ಬಾಗಿದ ತುಂಡುಗಳು. ಒಂದೂ ನಡುವಿನದಲ್ಲ. ಬೋಗುಣಿಯ ತಳದಲ್ಲಿ ಚಾಕಿನ ಗುರುತು ಇನ್ನೂ ಇತ್ತು. ಅವನು ಅರ್ಧಕ್ಕೆ ಕುಯ್ದಿರಲಿಲ್ಲ. ಸುತ್ತ ಒಂದು ಬಳೆಯ ಹಾಗೆ ಅಂಚನ್ನು ಬೇರೆ ಮಾಡಿ ಅವಳಿಗೆ ಎತ್ತಿಟ್ಟು, ಅವಳು ತೆಗೆದು ತೆಗೆದು ನೋಡಿದ್ದರಿಂದ ಕುಸಿದು ಹಸಿಯಾಗಿದ್ದ ನಡುಭಾಗವನ್ನು ತಾನು ತಿಂದಿದ್ದ, ಚೆನ್ನಾಗಿದೆ ಎಂದು ಹೇಳಿ, ಚಮಚದಿಂದ ಕೆರೆದು. ಅವಳ ಕಣ್ಣೆದುರಿಗೇ. ಅವಳು ಬೆರಳುಗಳನ್ನು ಕಾಯುತ್ತಿದ್ದಳು. ಚಾಕು ಯಾವ ಕಡೆ ತಿರುಗಿತೆಂದು ನೋಡಿರಲಿಲ್ಲ.

ಒಂದು ತುಂಡನ್ನು ಎತ್ತಿ ಬಾಯಿಗೆ ಹಾಕಿಕೊಂಡಳು. ಅವನ ತಟ್ಟೆಯಲ್ಲಿ ಬಿದ್ದು ಬಂದದ್ದು. ಗರಿಗರಿಯಾಗಿತ್ತು, ಮಾವಿನ ರಸ ಬೆಲ್ಲದ ಜೊತೆ ಸೇರಿ ಅಂಚಿನಲ್ಲಿ ಪಾಕ ಹಿಡಿದಿತ್ತು. ನಿಂತುಕೊಂಡೇ ಇನ್ನೊಂದು ತಿಂದಳು, ಮತ್ತೊಂದು, ಹಸುವಿಗೆ ಏನೂ ಉಳಿಯದ ಹಾಗೆ. ಭಯ ಹೋಗಿರಲಿಲ್ಲ. ಅದು ಒಲೆಯ ಆಚೆ, ಅತ್ತೆ ಕೂರುತ್ತಿದ್ದ ಜಾಗದಲ್ಲಿ, ಕಾಲು ನೀಡಿಕೊಂಡು ಕುಳಿತೇ ಇತ್ತು. ಅವಳು ತಿನ್ನುವುದನ್ನು ನೋಡಲು ಬೇರೆ ಯಾರೂ ಇರಲಿಲ್ಲ. ಸ್ಟೇಷನ್ನಿನ ಕಡೆಯಿಂದ ಹನ್ನೊಂದು ಗಂಟೆಯ ಗಾಡಿಯ ಕೂಗು ಕೇಳಿತು, ಆಮೇಲೆ ಅದು ಹೊರಟ ಸದ್ದು. ಗಾಡಿಯ ಹಿಂದೆ ಓಡಿಹೋಗುವ ಹೆಂಗಸರು ಇರುತ್ತಾರೆ. ಅವಳು ಕೈ ತೊಳೆದುಕೊಂಡು, ಬೋಗುಣಿ ಉಜ್ಜಿ, ಇನ್ನೆರಡು ಮಾವಿನಹಣ್ಣು ಹೆಚ್ಚಿದಳು. ಎರಡು ಬಟ್ಟಲು ಓಟ್ಸು, ಮೂರು ಬಟ್ಟಲು ಹಾಲು. ಬೆಣ್ಣೆ ಸವರಿದಳು. ಕೆಂಡ ಕೆಳಗೆ, ಕೆಂಡ ಮೇಲೆ. ಇಕ್ಕಳವನ್ನು ಕೈಗೆ ಸಿಗದಂತೆ ಹಿತ್ತಲ ಕಟ್ಟೆಯ ಮೇಲಿಟ್ಟು ಬಂದು ಕುಳಿತಳು.

ಬಹಳ ಹೊತ್ತಾದ ಮೇಲೆ ಬೀದಿ ಬಾಗಿಲು ಸದ್ದಾಯಿತು. ಕೊಡೆ ಗೋಡೆಗೆ ಒರಗಿಸಿದ್ದು, ಚಪ್ಪಲಿ ಬಿಟ್ಟದ್ದು. ಎದ್ದು ಹೋಗಿ ಜೇಬು ನೋಡಬೇಕೆಂದು ಮೈಯೆಲ್ಲ ಎಳೆಯಿತು, ಅವಳು ಏಳಲಿಲ್ಲ. ಅವನೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಬಿಸಿಲಿಗೆ ಮುಖ ಕೆಂಪಾಗಿತ್ತು. ಅಷ್ಟು ದೂರ ನಡೆದದ್ದಕ್ಕೆ ಉಸಿರು ಸ್ವಲ್ಪ ಜೋರಾಗಿತ್ತು. ಒಲೆಯನ್ನು ನೋಡಿದ, ಕೆಂಡದ ಮುಚ್ಚಳವನ್ನು ನೋಡಿದ.

"ಹಾಕಿ ಬಂದೆ," ಎಂದ. "ಮುಂದಿನ ಸೋಮವಾರ ಹೋಗ್ಬೇಕು."

ಸೋಮವಾರಕ್ಕೆ ಎಂಟು ದಿನ. ಅವಳು ತಲೆಯಾಡಿಸಿದಳು. 'ಹೋಗಬೇಡಿ' ಎಂಬ ಪದ ಬಾಯಲ್ಲಿತ್ತು. ಅದನ್ನು ಹೇಳಲು ಬೇಕಾದ ಹಕ್ಕನ್ನು ಹದಿನಾಲ್ಕು ತಿಂಗಳಿನಲ್ಲಿ ಎಲ್ಲೋ ಹಜಾರದ ತುದಿಯಲ್ಲಿ ಬಿಟ್ಟು ಬಂದಿದ್ದಳು. "ಕೂತ್ಕೊಳ್ಳಿ," ಎಂದಳು. "ಇನ್ನೂ ಬೆಂದಿಲ್ಲ. ಮುಚ್ಚಳ ತೆಗೀಬೇಡಿ."

ಅವನು ಒಲೆಯ ಈಚೆ ಗೋಡೆಗೆ ಒರಗಿ ಕುಳಿತ. ಮುಚ್ಚಳದ ಮೇಲಿನ ಕೆಂಡ ಬೂದಿ ಕಟ್ಟುತ್ತ ಬಂತು, ಒಳಗೆ ಏನಾಗುತ್ತಿದೆಯೆಂದು ತಿಳಿಯುವ ಬಗೆಯಿರಲಿಲ್ಲ. ಹಾಲು ಸುಡುವ ವಾಸನೆ, ಮಾವಿನ ವಾಸನೆ. ಭಾರತಮ್ಮ ಕೈಗಳನ್ನು ಮಡಿಲಲ್ಲಿ ಒಂದರೊಳಗೊಂದು ಹಿಡಿದುಕೊಂಡಿದ್ದಳು. ಹೊತ್ತಾಯಿತು ಅನ್ನಿಸಿದಾಗ ಎದ್ದು, ಹಲಗೆಯ ಮೇಲಿಂದ ಒಂದು ತಟ್ಟೆ ತೆಗೆದು ಇಬ್ಬರ ನಡುವೆ ನೆಲದ ಮೇಲಿಟ್ಟಳು. ಅವನು ಇನ್ನೊಂದಕ್ಕಾಗಿ ಅವಳ ಕೈಯ ಕಡೆ ನೋಡಿದ. ಅವಳ ಕೈ ಖಾಲಿಯಾಗಿತ್ತು.